ಅಪ್ಪನ ಕುರಿತು ಒಂದು ಪುಟ

ಅಪ್ಪ ತೀರಿಕೊಂಡ ಐದನೆಯ ದಿನ ಅವರ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ತಿಂಗಳ ಕೊನೆಯಲ್ಲಿ ತಾವೆಲ್ಲ ಸೇರಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿರುವುದಾಗಿಯೂ, ಮನೆಯವರ ಪರವಾಗಿ ಯಾರಾದರೂ ಒಂದು ಪುಟದಷ್ಟು ಬರೆದು ಓದಬೇಕೆಂದೂ ಕೇಳಿಕೊಂಡರು. ನನಗೆ ಬರೆಯುವ ಅಭ್ಯಾಸವಿದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಬ್ಯಾಂಕು, ಪಿಂಚಣಿ, ಮರಣ ಪ್ರಮಾಣಪತ್ರಗಳ ಓಡಾಟವನ್ನು ನನ್ನ ತಮ್ಮ ವಹಿಸಿಕೊಂಡಿದ್ದ. ಅದಕ್ಕೆ ಹೋಲಿಸಿದರೆ ನನ್ನದು ಹಗುರವಾದದ್ದೆಂದು ಇಬ್ಬರೂ ಭಾವಿಸಿದ್ದೆವು. ಅವನ ಕೆಲಸ ಹತ್ತು ದಿನಗಳಲ್ಲಿ ಒಂದು ಹಂತಕ್ಕೆ ಬಂತು. ನನ್ನ ಒಂದು ಪುಟಕ್ಕೆ 23 ದಿನ ಹಿಡಿಯಿತು.

ಮೊದಲ ಕರಡನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ದೆ. ಹುಟ್ಟಿದ ವರ್ಷ, ಓದು, ಸಹಾಯಕ ಎಂಜಿನಿಯರ್ ಆಗಿ ಸೇರಿ ಮುಖ್ಯ ಎಂಜಿನಿಯರ್ ಆಗಿ ನಿವೃತ್ತರಾದ ಬಗೆ, 36 ವರ್ಷಗಳ ಸೇವೆಯಲ್ಲಿ ಕಟ್ಟಿಸಿದ ಸಣ್ಣ ದೊಡ್ಡ ಸೇತುವೆಗಳ ಪಟ್ಟಿ, ಕೊನೆಗೆ ಪತ್ನಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳನ್ನು ಅಗಲಿದ್ದಾರೆ ಎಂಬ ವಾಕ್ಯ. ನಡುನಡುವೆ ಶಿಸ್ತಿನ ಸಿಪಾಯಿ, ಸರಳ ಸಜ್ಜನ, ಅಜಾತಶತ್ರು, ತುಂಬಲಾರದ ನಷ್ಟ ಎಂಬ ಮಾತುಗಳು ತಾವಾಗಿಯೇ ಬಂದು ಕುಳಿತಿದ್ದವು. ಬೆಳಿಗ್ಗೆ ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಚೆನ್ನಾಗಿದೆ," ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದು ಯಾರ ಬಗ್ಗೆ?" ಎಂದು ಕೇಳಿದರು. ಅವರು ವ್ಯಂಗ್ಯ ಮಾಡುವವರಲ್ಲ. ಅಜಾತಶತ್ರು ಎಂಬ ಪದದ ಮೇಲೆ ಬೆರಳಿಟ್ಟು, "ಇದನ್ನಂತೂ ತೆಗೆದುಬಿಡು. ಗುತ್ತಿಗೆದಾರರಲ್ಲಿ ಅರ್ಧ ಜನ ಇವರ ಮುಖ ನೋಡುತ್ತಿರಲಿಲ್ಲ," ಎಂದು ಹೇಳಿ ಕಾಗದವನ್ನು ನನ್ನ ಕೈಗೆ ಕೊಟ್ಟರು.

ಹಾಗಾಗಿ ಅಪ್ಪನ ಕಪಾಟನ್ನು ತೆರೆಯಬೇಕಾಯಿತು. ಅದಕ್ಕೆ ಎಂದೂ ಬೀಗವಿರಲಿಲ್ಲ. ಆದರೆ ಒಳಗಿದ್ದುದರಲ್ಲಿ ನಮಗೆ ಬೇಕಾದದ್ದೇನೂ ಇಲ್ಲವೆಂದು ನಾವು ಅದರತ್ತ ಸುಳಿಯುತ್ತಿರಲಿಲ್ಲ. ಕೆಳಗಿನ ಖಾನೆಯಲ್ಲಿ ಹಿತ್ತಾಳೆಯ ತೂಗುಗುಂಡು, ಮರದ ಚೌಕಟ್ಟಿನ ರಸಮಟ್ಟ, ಕಬ್ಬಿಣದ ಮೂಲೆಮಟ್ಟ, ಅಂಕಿಗಳು ಮಾಸಿಹೋದ 30 ಮೀಟರಿನ ಟೇಪು ಇದ್ದವು. ನಡುವಿನ ಖಾನೆಯಲ್ಲಿ, ಅಂಚು ಸವೆದ ಚರ್ಮದ ಚೀಲದಲ್ಲಿ ಅವರ ಸ್ಲೈಡ್ ರೂಲ್ ಇತ್ತು. ಸ್ಕಾಟ್ಲೆಂಡಿನ ಗಣಿತಜ್ಞ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿದಮ್ ತತ್ತ್ವವನ್ನು ಹಿಡಿದು 1620ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಔಟ್ರೆಡ್ ರೂಪಿಸಿದ ಈ ಪಟ್ಟಿ, ಗುಣಾಕಾರವನ್ನು ಎರಡು ಉದ್ದಗಳ ಕೂಡಿಕೆಯಾಗಿ ಮಾರ್ಪಡಿಸುತ್ತದೆ. 1972ರಲ್ಲಿ ಎಚ್‌ಪಿ-35 ಎಂಬ ಕಿಸೆಯ ಕ್ಯಾಲ್ಕ್ಯುಲೇಟರ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅದು ಜಗತ್ತಿನಾದ್ಯಂತ ಮೂಲೆಗುಂಪಾಯಿತು. ಅಪ್ಪ ಅದರಲ್ಲೇ ಓದಿ ಪಾಸಾದವರು. ಸ್ಲೈಡ್ ರೂಲು ಅಂಕಿಗಳನ್ನು ಹೇಳುತ್ತದೆಯೇ ಹೊರತು ದಶಾಂಶ ಬಿಂದು ಎಲ್ಲಿ ಬರುತ್ತದೆಂದು ಹೇಳುವುದಿಲ್ಲ. ಉತ್ತರ 36 ಆಗಿದೆಯೋ, 360 ಆಗಿದೆಯೋ, 3600 ಆಗಿದೆಯೋ ಎಂಬುದನ್ನು ಹಿಡಿದವನೇ ತಲೆಯಲ್ಲಿ ಇಟ್ಟುಕೊಂಡಿರಬೇಕು. ನಮ್ಮ ಮನೆಪಾಠದ ಹೊತ್ತಿನಲ್ಲಿ ಅವರು ಎಂದೂ ನೇರವಾಗಿ ಲೆಕ್ಕ ಮಾಡಲು ಬಿಡುತ್ತಿರಲಿಲ್ಲ ಎಂಬುದರ ಮೂಲ ಅಲ್ಲಿತ್ತು. "ಉತ್ತರ ಎಷ್ಟಿರಬಹುದು, ಮೊದಲು ಹೇಳು ಪುಟ್ಟಾ, ಆಮೇಲೆ ಮಾಡು" ಎಂಬ ಮಾತನ್ನು ಕೇಳಿ ಕೇಳಿ ನಮಗೆ ಸಿಟ್ಟು ಬರುತ್ತಿತ್ತು.

ಮೇಲಿನ ಖಾನೆಯ ತುಂಬ, ಸೈಟಿನ ಅಳತೆಗಳನ್ನು ಬರೆದಿಡುವ ಫೀಲ್ಡ್ ಬುಕ್ಕುಗಳಿದ್ದವು, ಒಟ್ಟು 41. ಗಟ್ಟಿ ರಟ್ಟಿನ, ಉದ್ದುದ್ದನೆಯ, ಕಿಸೆಗೆ ಹಿಡಿಸುವ ಪುಸ್ತಕಗಳು. ಗಡುಸು ಪೆನ್ಸಿಲಿನ ಸಣ್ಣ ಅಕ್ಷರ. ನಾನು ಎಂಜಿನಿಯರ್ ಅಲ್ಲ. ಆದರೂ ಅವುಗಳನ್ನು ಓದುವ ಬಗೆ ನನಗೆ ಅರ್ಧಂಬರ್ಧ ಗೊತ್ತಿತ್ತು, ಏಕೆಂದರೆ ಬೇಸಿಗೆ ರಜೆಯಲ್ಲಿ ಸೈಟಿಗೆ ಕರೆದೊಯ್ದಾಗ ಅಪ್ಪ ನನ್ನ ಕೈಯಲ್ಲಿ ಅಳತೆ ಕೋಲು ಹಿಡಿಸುತ್ತಿದ್ದರು. ಮಟ್ಟ ನೋಡುವಾಗ ಎತ್ತರ ಗೊತ್ತಿರುವ ಒಂದು ಗುರುತಿನಿಂದ ಹೊರಟು, ಹಿಂದಿನ ಗುರುತಿನತ್ತ ನೋಡಿದ್ದು ಬ್ಯಾಕ್ ಸೈಟ್, ಮುಂದಿನದರತ್ತ ನೋಡಿದ್ದು ಫೋರ್ ಸೈಟ್ ಎಂದು ಒಂದೊಂದೇ ಓದಿಕೆಯನ್ನು ಬರೆದುಕೊಳ್ಳುತ್ತ ಹೋಗುತ್ತಾರೆ. ಪುಟದ ಕೊನೆಯಲ್ಲಿ ಬ್ಯಾಕ್ ಸೈಟುಗಳ ಮೊತ್ತದಿಂದ ಫೋರ್ ಸೈಟುಗಳ ಮೊತ್ತವನ್ನು ಕಳೆದರೆ ಬರುವುದು, ಕೊನೆಯ ಮಟ್ಟಕ್ಕೂ ಮೊದಲ ಮಟ್ಟಕ್ಕೂ ಇರುವ ವ್ಯತ್ಯಾಸಕ್ಕೆ ಸರಿಹೊಂದಬೇಕು. ಹೊಂದಿದರೆ ಕೂಡಿ ಕಳೆದದ್ದು ಸರಿಯಾಗಿದೆ ಎಂದಷ್ಟೇ ಅರ್ಥ. ಕೋಲಿನ ಮೇಲೆ ಓದಿದ್ದೇ ತಪ್ಪಾಗಿದ್ದರೆ ಈ ತಾಳೆ ಅದನ್ನು ಹಿಡಿಯುವುದಿಲ್ಲ. ಅದಕ್ಕಾಗಿ ಹೊರಟ ಗುರುತಿಗೇ ಬೇರೆ ದಾರಿಯಿಂದ ಹಿಂತಿರುಗಿ ಬಂದು ನೋಡಬೇಕು. ಇದನ್ನು ಅವರು ಹತ್ತು ವರ್ಷದವಳಾಗಿದ್ದ ನನಗೆ ವಿವರಿಸಿದ್ದರು, ನಾನು ಬಿಸಿಲಿನಲ್ಲಿ ಕೋಲನ್ನು ನೆಟ್ಟಗೆ ಹಿಡಿಯುವುದರಲ್ಲೇ ಸೋತುಹೋಗಿದ್ದೆ.

ಫೀಲ್ಡ್ ಬುಕ್ಕಿಗೆ ಇನ್ನೊಂದು ನಿಯಮವಿದೆ. ತಪ್ಪು ಅಂಕಿಯನ್ನು ರಬ್ಬರಿನಿಂದ ಅಳಿಸಬಾರದು, ಅದರ ಮೇಲೆಯೇ ತಿದ್ದಿ ಬರೆಯಲೂ ಬಾರದು. ಕೆಳಗಿನ ಅಂಕಿ ಕಾಣಿಸುವಂತೆ ಒಂದೇ ಗೆರೆ ಎಳೆದು, ಅದರ ಮೇಲ್ಗಡೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಅಪ್ಪ ಈ ನಿಯಮವನ್ನು ಮನೆಗೂ ತಂದಿದ್ದರು. ಪ್ರತಿ ಹುಟ್ಟುಹಬ್ಬದ ದಿನ ನಮ್ಮನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಮೂಲೆಮಟ್ಟ ಇಟ್ಟು, ಎತ್ತರವನ್ನು ಮಿಲಿಮೀಟರುಗಳಲ್ಲಿ ಗುರುತು ಮಾಡಿ ತಾರೀಕು ಬರೆಯುತ್ತಿದ್ದರು. ನನ್ನ ಸಾಲಿನಲ್ಲಿ ಎಂಟರ ಗುರುತಿದೆ, ಹತ್ತರ ಗುರುತಿದೆ; ಒಂಬತ್ತರದು ಇಲ್ಲ. ಆ ವರ್ಷ ಅವರು ಬರಲಿಲ್ಲ. ಬರುತ್ತೇನೆ ಎಂದು ಮಾತು ಕೊಟ್ಟಿದ್ದರು. ನಾನು ಸಂಜೆಯವರೆಗೂ ಕಾದು, ಕೊನೆಗೆ ತಮ್ಮನ ಕೈಯಲ್ಲಿ ಸ್ಕೇಲು ಕೊಟ್ಟು ನಾನೇ ಒಂದು ಗುರುತು ಹಾಕಿಸಿಕೊಂಡಿದ್ದೆ. ಮೂರು ವಾರಗಳ ನಂತರ ಮನೆಗೆ ಬಂದ ಅಪ್ಪ ಅದನ್ನು ನೋಡಿ, ಅದರ ಮೇಲೆ ಒಂದು ಗೆರೆ ಎಳೆದು, "ಅಳೆದದ್ದಲ್ಲ" ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದರು. ಅವರ ಮೇಲೆ ನಾನು ಇಟ್ಟುಕೊಂಡ ಮೊದಲ ಮುನಿಸು ಅದು. ಈಗಲೂ ಆ ಚೌಕಟ್ಟಿನ ಬಳಿ ಹೋದಾಗ ಕಣ್ಣು ಮೊದಲು ಆ ಗೆರೆಯ ಮೇಲೆಯೇ ಬೀಳುತ್ತದೆ.

ಕಪಾಟಿನ ಮುಂದೆ ಕುಳಿತು ನಾನು ಎರಡನೆಯ ಕರಡಿಗೆ ಬೇಕಾದುದನ್ನು ಗುರುತು ಹಾಕಿಕೊಳ್ಳತೊಡಗಿದೆ. ಮನೆಯ ಅಪ್ಪನಿಗೂ ಸೈಟಿನ ಎಂಜಿನಿಯರಿಗೂ ನಡುವೆ ಬಾಗಿಲೇ ಇರಲಿಲ್ಲವೆಂಬುದು ಹಾಗೆ ಪಟ್ಟಿ ಮಾಡುವಾಗಲೇ ನನಗೆ ಕಂಡದ್ದು. ಕಾರಿನಲ್ಲಿ ಹೋಗುವಾಗ ಸೇತುವೆ ಬಂತೆಂದರೆ ಅವರು ಮಾತು ನಿಲ್ಲಿಸುತ್ತಿದ್ದರು. ಚಕ್ರಗಳು ಎಕ್ಸ್‌ಪಾನ್ಷನ್ ಜಾಯಿಂಟ್ ಎಂಬ ಸಂದನ್ನು ದಾಟುವಾಗ ಬರುವ "ಟಕ್ ಟಕ್" ಸದ್ದನ್ನು ಕೇಳಿಸಿಕೊಂಡು, ಸರಿಯಿದ್ದರೆ ತಲೆಯಾಡಿಸಿ, ನಿಲ್ಲಿಸಿದ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. 50 ಮೀಟರ್ ಉದ್ದದ ಉಕ್ಕಿನ ತೊಲೆ 30 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ 18 ಮಿಲಿಮೀಟರ್ ಬೆಳೆಯುತ್ತದೆ, ಆ ಬೆಳವಣಿಗೆಗೆ ಜಾಗ ಬಿಡದಿದ್ದರೆ ಅದು ತಾನಾಗಿ ಮಾಡಿಕೊಳ್ಳುತ್ತದೆ ಎಂದು ಅವರು ಹೇಳಿದ್ದು ನನಗೆ ಇಂದಿಗೂ ಬಾಯಿಪಾಠ. ಗೋಡೆಯ ಮೇಲಿನ ಪಟ ವಾಲಿದ್ದರೆ ಅತಿಥಿಗಳ ಮುಂದೆಯೇ ರಸಮಟ್ಟ ತಂದು ಇಡುತ್ತಿದ್ದರು. ಸೈಟಿನಿಂದ ಬರೆಯುತ್ತಿದ್ದ ಪತ್ರಗಳಲ್ಲಿ ಕುಶಲ ಪ್ರಶ್ನೆ ಎರಡು ಸಾಲು, ಉಳಿದ ಪುಟವೆಲ್ಲ ಅಂದಿನ ಕೆಲಸದ ಚಿತ್ರ. ಚಿತ್ರದ ಮೂಲೆಯಲ್ಲಿ ಅಳತೆಗೆಂದು ನಿಲ್ಲಿಸಿದ ಮನುಷ್ಯಾಕೃತಿಗಳು ಯಾವಾಗಲೂ ಎರಡೇ, ಜಡೆಯ ಹುಡುಗಿಯೊಬ್ಬಳು, ಚಡ್ಡಿಯ ಹುಡುಗನೊಬ್ಬ.

ಮಲಗುವ ಹೊತ್ತಿನ ಕತೆಗಳನ್ನಂತೂ ಬಿಡುವಂತಿರಲಿಲ್ಲ. ನಮಗೆ ರಾಜಕುಮಾರರ ಕತೆಗಳ ಬದಲು ಬಿದ್ದುಹೋದ ಸೇತುವೆಗಳ ಕತೆಗಳು ಸಿಕ್ಕಿದವು. ಕೆನಡಾದ ಕ್ವಿಬೆಕ್ ಸೇತುವೆಯದು ನನಗೆ ಬೇಕಾದ ಕತೆ. ಅದರ ನಡುವಿನ ಎರಡು ಕಂಬಗಳ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಏರಿಸಿದ ಮೇಲೂ ಸೇತುವೆಯ ಸ್ವಂತ ಭಾರದ ಲೆಕ್ಕವನ್ನು ಸಕಾಲದಲ್ಲಿ ಹೊಸದಾಗಿ ಮಾಡಿರಲಿಲ್ಲ. ಕೆಳಗಿನ ಉಕ್ಕಿನ ಅಂಗಗಳು ಬಾಗುತ್ತಿರುವುದನ್ನು ಅಳೆದು ನೋಡಿದ್ದರೂ, ಅವು ಮೊದಲಿನಿಂದಲೇ ಹಾಗಿದ್ದವೆಂದು ಕೆಲವರು ವಾದಿಸುತ್ತಿದ್ದರು. ಸೈಟಿನ ಎಂಜಿನಿಯರೊಬ್ಬ ಸುದ್ದಿ ಹಿಡಿದು ನ್ಯೂಯಾರ್ಕಿನಲ್ಲಿದ್ದ ಸಲಹೆಗಾರನ ಬಳಿಗೆ ಹೋದ. ಇನ್ನು ಭಾರ ಹೇರಬೇಡಿ ಎಂಬ ತಂತಿ ಕಂಪನಿಯ ಕಚೇರಿಗೆ ಹೋಯಿತು, ಸೈಟಿಗೆ ಮಾತ್ರ ತಲುಪಲಿಲ್ಲ. 1907ರ ಆಗಸ್ಟ್ 29ರ ಸಂಜೆ, ಕೆಲಸ ಬಿಡುವುದಕ್ಕೆ ಕೆಲವೇ ನಿಮಿಷಗಳಿರುವಾಗ ಅದು ಕುಸಿದು 75 ಮಂದಿ ಸತ್ತರು. ಮತ್ತೆ ಕಟ್ಟುವಾಗ 1916ರಲ್ಲಿ, ಮೇಲೆತ್ತುತ್ತಿದ್ದ ನಡುವಿನ ಭಾಗ ನದಿಗೆ ಬಿದ್ದು ಇನ್ನೂ 13 ಮಂದಿ ಹೋದರು. 1917ರಲ್ಲಿ ಪೂರ್ಣಗೊಂಡ ಆ ಸೇತುವೆಯ 549 ಮೀಟರಿನ ಅಂತರವನ್ನು ಕಂಬಗಳಿಂದ ತೋಳು ಚಾಚಿ ನಿಲ್ಲುವ ಕ್ಯಾಂಟಿಲಿವರ್ ಬಗೆಯ ಬೇರೆ ಯಾವ ಸೇತುವೆಯೂ ಇನ್ನೂ ಮೀರಿಸಿಲ್ಲ. ತಂತಿ ತಲುಪಲಿಲ್ಲ ಎಂಬಲ್ಲಿಗೆ ಬಂದಾಗ ಅಪ್ಪನ ದನಿ ಪ್ರತಿಸಲವೂ ತಗ್ಗುತ್ತಿತ್ತು.

ತಮ್ಮನಿಗೆ ಬೇಕಾದದ್ದು ಅಮೆರಿಕದ ಟಕೋಮಾ ಸೇತುವೆಯದು. 1940ರ ಜುಲೈ 1ರಂದು ಸಂಚಾರಕ್ಕೆ ತೆರೆದುಕೊಂಡ ಆ ತೂಗುಸೇತುವೆ ನಾಲ್ಕೇ ತಿಂಗಳಲ್ಲಿ, ನವೆಂಬರ್ 7ರಂದು, ಬಿರುಗಾಳಿಯೆನ್ನಲಾಗದ ಗಾಳಿಗೇ ಹಾವಿನಂತೆ ತಿರುಚಿಕೊಂಡು ಹರಿದುಬಿತ್ತು. ಮನುಷ್ಯರೆಲ್ಲ ಪಾರಾದರು, ನಿಂತುಹೋದ ಕಾರಿನೊಳಗೆ ಟಬ್ಬಿ ಎಂಬ ನಾಯಿ ಉಳಿದುಬಿಟ್ಟಿತ್ತು, ಬಿಡಿಸಲು ಹೋದವರನ್ನು ಹೆದರಿ ಕಚ್ಚಿತು. ತಮ್ಮ ಪ್ರತಿಸಲವೂ, "ಈ ಸಲ ನಾಯಿ ಉಳಿಯಿತಾ ಅಪ್ಪಾ?" ಎಂದು ಕೇಳುತ್ತಿದ್ದ. "ಇಲ್ಲ ಮಗೂ, ಉಳಿಯಲಿಲ್ಲ," ಎಂದೇ ಅಪ್ಪ ಹೇಳುತ್ತಿದ್ದರು. ಅವನು ಅಳುತ್ತಿದ್ದ, ಅವರು ಅವನನ್ನು ತಟ್ಟಿ ಮಲಗಿಸುತ್ತಿದ್ದರು, ಉತ್ತರವನ್ನು ಮಾತ್ರ ಬದಲಾಯಿಸುತ್ತಿರಲಿಲ್ಲ. ಐದು ವರ್ಷದ ಮಗುವಿಗೆ ನಾಯಿ ಬದುಕಿತು ಎಂದರೆ ಏನು ಗಂಟು ಹೋಗುತ್ತಿತ್ತೆಂದು ಅಮ್ಮ ಹಲವು ಸಲ ಜಗಳ ಮಾಡಿದ್ದುಂಟು. ಈ ವಿಷಯದಲ್ಲಿ ನಾನು ಬಹುಕಾಲ ಅಮ್ಮನ ಪಕ್ಷದಲ್ಲಿದ್ದೆ.

ಮನೆಯ ಅರ್ಧ ಹೀಗೆ ಸಿದ್ಧವಾದ ಮೇಲೆ ಕೆಲಸದ ಅರ್ಧಕ್ಕಾಗಿ ನಾನು ಅವರ ಜೊತೆ ದುಡಿದವರಿಗೆ ಫೋನ್ ಮಾಡತೊಡಗಿದೆ. ಹನ್ನೊಂದು ಮಂದಿಯ ಜೊತೆ ಮಾತಾಡಿದೆ. ಎಲ್ಲರೂ ಬಾಯಿತುಂಬ ಹೊಗಳಿದರು, ಅದರಿಂದ ನನಗೆ ಬರೆಯಲು ಹೆಚ್ಚೇನೂ ಸಿಗಲಿಲ್ಲ. ಹೊಗಳಿಕೆ ಯಾರ ಬಗ್ಗೆ ಮಾಡಿದರೂ ಒಂದೇ ತರಹ ಕೇಳಿಸುತ್ತದೆ. ಆಮೇಲೆ ನಾನು ಪ್ರಶ್ನೆಯನ್ನು ಬದಲಾಯಿಸಿ, "ಅವರು ನಿಮ್ಮ ಮೇಲೆ ರೇಗಿದ್ದು ಯಾವಾಗ?" ಎಂದು ಕೇಳತೊಡಗಿದೆ. ಆಗ ಮಾತು ಬಿಚ್ಚಿಕೊಂಡಿತು. ನಕ್ಷೆಗಾರರೊಬ್ಬರು, ಟ್ರೇಸಿಂಗ್ ಕಾಗದದ ಮೇಲೆ ಬ್ಲೇಡಿನಿಂದ ಕೆರೆದು ತಿದ್ದಿದ್ದಕ್ಕೆ ಇಡೀ ಹಾಳೆಯನ್ನು ಮತ್ತೆ ಬರೆಯಿಸಿದ್ದನ್ನು ಹೇಳಿ ನಕ್ಕರು. ಅಪ್ಪನ ಕೈಕೆಳಗೆ ಕೆಲಸ ಕಲಿತ, ಈಗ ತಾವೇ ನಿವೃತ್ತರಾಗಿರುವ ಮಹಿಳಾ ಎಂಜಿನಿಯರೊಬ್ಬರು, ಕಂಬಿ ಕಟ್ಟಿದ್ದನ್ನು ಪರೀಕ್ಷಿಸುವಾಗ ಕಂಬಿಗೂ ಅಚ್ಚಿಗೂ ನಡುವೆ ಅಂತರ ಉಳಿಸುವ ಕವರ್ ಬ್ಲಾಕುಗಳನ್ನು ಎಣಿಸದೆ "ಸರಿಯಿದೆ ಸರ್" ಎಂದದ್ದಕ್ಕೆ ಅವರು ಏನೂ ಮಾತಾಡದೆ ತಾವೇ ಬಗ್ಗಿ ಕುಳಿತು ಒಂದೊಂದಾಗಿ ಎಣಿಸಿದ್ದನ್ನು ನೆನೆದರು. "ಬೈದಿದ್ದರೆ ಮರೆತುಬಿಡುತ್ತಿದ್ದೆ," ಎಂದರು.

ಒಂದು ಕತೆ ಮಾತ್ರ ಏಳು ಮಂದಿಯ ಬಾಯಲ್ಲಿ ಬಂತು. ಸೇತುವೆಯೊಂದರ ಕಂಬದ ಮೇಲ್ಗಡೆಯ ಪಿಯರ್ ಕ್ಯಾಪಿಗೆ ಕಾಂಕ್ರೀಟು ಹಾಕಿ ತಿಂಗಳಾದ ಮೇಲೆ, ಪರೀಕ್ಷೆಗೆಂದು ಅದೇ ಕಾಂಕ್ರೀಟಿನಲ್ಲಿ ಮಾಡಿದ ಕ್ಯೂಬುಗಳ ಬಲ ಕಡಿಮೆ ಬಂತೆಂದು ಅಪ್ಪ ಅದನ್ನು ಪೂರ್ತಿ ಒಡೆಸಿಹಾಕಿದ ಕತೆ. ಗುತ್ತಿಗೆದಾರ ಸಿಮೆಂಟು ಕದ್ದಿದ್ದ ಎಂದು ಮೂವರು, ಮೇಲಿನಿಂದ ಒತ್ತಡ ಬಂದರೂ ಅಪ್ಪ ಜಗ್ಗಲಿಲ್ಲವೆಂದು ಇಬ್ಬರು, ಗುತ್ತಿಗೆದಾರ ಕಾಲಿಗೆ ಬಿದ್ದನೆಂದು ಒಬ್ಬರು, ಅಪ್ಪ ತಾವೇ ಮೊದಲ ಸುತ್ತಿಗೆಯೇಟು ಹಾಕಿದರೆಂದು ಇನ್ನೊಬ್ಬರು. ಅಪ್ಪನ ಬೀಳ್ಕೊಡುಗೆ ಸಮಾರಂಭದಲ್ಲೂ ಈ ಕತೆಯನ್ನು ವೇದಿಕೆಯ ಮೇಲೆ ಹೇಳಿದ್ದರು. ಅಪ್ಪ ಎದ್ದು ನಿಂತು, "ಅದು ಹಾಗಲ್ಲ," ಎಂದಾಗ ಸಭೆಯೆಲ್ಲ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿತ್ತು. ನಾನೂ ತಟ್ಟಿದ್ದೆ. ಏಳು ಮಂದಿ ಹೇಳಿದ್ದರಿಂದ ಕತೆ ನಿಜವಿರಲೇಬೇಕೆಂದುಕೊಂಡು, ಎರಡನೆಯ ಕರಡಿನ ನಟ್ಟನಡುವೆ ಅದನ್ನೇ ಇಟ್ಟೆ. ದಿನಾಂಕವೊಂದು ಸಿಕ್ಕರೆ ಸೇರಿಸೋಣವೆಂದು ಮಾತ್ರ ಮತ್ತೆ ಕಪಾಟಿನ ಬಳಿಗೆ ಹೋದೆ.

ಅದು 17ನೆಯ ಪುಸ್ತಕದಲ್ಲಿತ್ತು. ಕಾಂಕ್ರೀಟು ಹಾಕಿದ ದಿನದ ಪುಟದಲ್ಲಿ, ಒಂದು ಘನ ಮೀಟರಿಗೆ ಬೇಕಾದ ಸಿಮೆಂಟು 360 ಕೆಜಿ, ಮರಳು 700 ಕೆಜಿ, ಜಲ್ಲಿ ಇಷ್ಟು, ನೀರು 180 ಲೀಟರ್ ಎಂದು ಸಾಲಾಗಿ ಬರೆದಿದ್ದರು. ಆ 180ರ ಮೇಲೆ ನೆಟ್ಟನೆಯ ಒಂದು ಗೆರೆ, ಮೇಲ್ಗಡೆ 215. ಪಕ್ಕದಲ್ಲಿ ಸಣ್ಣ ಸಹಿ, ಸಹಿಯ ಕೆಳಗಿನ ತಾರೀಕು ಮಾತ್ರ 34 ದಿನಗಳ ನಂತರದ್ದು. ಅಂಚಿನಲ್ಲಿ ಎರಡು ಸಾಲು: "ಹಿಂದಿನ ರಾತ್ರಿ ಮಳೆ. ಮರಳಿನ ತೇವ ಲೆಕ್ಕಕ್ಕೆ ಹಿಡಿದಿಲ್ಲ. ನಾನೇ ಇದ್ದೆ."

ನನಗೆ ಪೂರ್ತಿ ಅರ್ಥವಾಗದೆ ಆ ಪುಟದ ಫೋಟೋ ತೆಗೆದು ಮಹಿಳಾ ಎಂಜಿನಿಯರಿಗೆ ಕಳುಹಿಸಿದೆ. ಅವರು ಸಂಜೆ ಫೋನ್ ಮಾಡಿ, ತೀರ ನಿಧಾನವಾಗಿ ವಿವರಿಸಿದರು. ಕಾಂಕ್ರೀಟಿನ ಬಲವನ್ನು ನಿರ್ಧರಿಸುವುದರಲ್ಲಿ ಸಿಮೆಂಟಿನ ತೂಕಕ್ಕೆ ನೀರಿನ ತೂಕ ಎಷ್ಟಿದೆಯೆಂಬುದು ಮುಖ್ಯ. ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆಂಬುದನ್ನು ಅಮೆರಿಕದ ಸಂಶೋಧಕ ಡಫ್ ಏಬ್ರಾಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದ. ಮಳೆಯಲ್ಲಿ ನೆನೆದ ಮರಳಿನ ತೇವ ನೂರಕ್ಕೆ ಐದರಷ್ಟಿದ್ದರೆ 700 ಕೆಜಿಯಲ್ಲಿ 35 ಲೀಟರ್ ನೀರು ಆಗಲೇ ಅಡಗಿರುತ್ತದೆ. ಮಿಕ್ಸರಿಗೆ ಹಾಕುವ ನೀರಿನಲ್ಲಿ ಅಷ್ಟನ್ನು ಕಡಿಮೆ ಮಾಡಬೇಕು. ಮಾಡದಿದ್ದರೆ 0.5 ಇರಬೇಕಾದ ಪ್ರಮಾಣ 0.6 ಆಗುತ್ತದೆ, ಬಲದಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಕಳೆದುಹೋಗಬಹುದು. 150 ಮಿಲಿಮೀಟರಿನ ಕ್ಯೂಬುಗಳನ್ನು ನೀರಿನಲ್ಲಿಟ್ಟು 7ನೆಯ ದಿನ ಒಡೆದು ನೋಡಿದಾಗಲೇ ಅನುಮಾನ ಬಂದಿರುತ್ತದೆ, 28ನೆಯ ದಿನ ಖಚಿತವಾಗಿರುತ್ತದೆ, ಆಮೇಲೆ ಕಟ್ಟಡದಿಂದಲೇ ಕೋರ್ ಎಂಬ ತುಂಡನ್ನು ಕೊರೆದು ತೆಗೆದು ಪರೀಕ್ಷೆ ಮಾಡಿಸಿರುತ್ತಾರೆ, 34ನೆಯ ದಿನ ಲೆಕ್ಕ ಹಿಂದಕ್ಕೆ ಬಿಚ್ಚುತ್ತ ಬಂದು ಈ ಗೆರೆ ಎಳೆದಿರುತ್ತಾರೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಿಮೆಂಟು ಯಾರೂ ಕದ್ದಿರಲಿಲ್ಲ. ಮೂವತ್ತು ವರ್ಷದಿಂದ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನಲ್ಲ," ಎಂದರು.

ಅದೇ ಪುಸ್ತಕದ ಹಿಂಬದಿಯ ರಟ್ಟಿನ ಜೇಬಿನಲ್ಲಿ, ನಾಲ್ಕು ಮಡಿಕೆಯಾಗಿ, ಮೇಲಧಿಕಾರಿಗೆ ಬರೆದ ಪತ್ರದ ಕಾರ್ಬನ್ ಪ್ರತಿ ಇತ್ತು. ದೋಷ ಮೇಲ್ವಿಚಾರಣೆಯದು, ಮೇಲ್ವಿಚಾರಕ ನಾನು, ಒಡೆದು ಕಟ್ಟುವ ವೆಚ್ಚವನ್ನು ಗುತ್ತಿಗೆದಾರರ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ ಎಂಬ ಆರು ವಾಕ್ಯಗಳು. ಅಂದರೆ ಅಪ್ಪ ಏನನ್ನೂ ಮುಚ್ಚಿಟ್ಟಿರಲಿಲ್ಲ, ಹೇಳಬೇಕಾದಲ್ಲಿ ಹೇಳಿದ್ದರು. ಮುಂದಿನ ಪುಟಗಳಲ್ಲಿ ಒಡೆಯುವ ಕೆಲಸದ ದಿನಚರಿಯಿತ್ತು: ದಿನಕ್ಕೆ ಎಷ್ಟು ಗಂಟೆ ಯಂತ್ರ ನಡೆಯಿತು, ಎಷ್ಟು ಒಡೆಯಿತು, ಯಾರಿಗಾದರೂ ಗಾಯವಾಯಿತೇ. ಒಂಬತ್ತು ದಿನಗಳ ಲೆಕ್ಕ. ನಾಲ್ಕನೆಯ ದಿನದ ತಾರೀಕನ್ನು ಓದಿದಾಗ ನಾನು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೇ ಕುಳಿತೆ. ಅದು ನನ್ನ ಒಂಬತ್ತನೆಯ ಹುಟ್ಟುಹಬ್ಬದ ದಿನ.

ಆ ರಾತ್ರಿ ಮೂವರೂ ಕುಳಿತು ಮಾತಾಡಿದೆವು. ಸಭೆಯಲ್ಲಿ ಇದನ್ನೇ ಓದುತ್ತೇನೆ ಎಂದೆ. ತಮ್ಮನಿಗೆ ಸಿಟ್ಟು ಬಂತು. "ಸತ್ತವರ ತಪ್ಪನ್ನು ಅವರ ಶ್ರದ್ಧಾಂಜಲಿ ಸಭೆಯಲ್ಲಿ ಯಾರಾದರೂ ಓದುತ್ತಾರಾ ಅಕ್ಕಾ? ಆ ಕತೆಯನ್ನು ಬಿಟ್ಟುಬಿಡು, ಬೇರೆ ಎಷ್ಟೊಂದಿದೆ," ಎಂದ. ಬಿಟ್ಟುಬಿಡುವ ದಾರಿ ನನಗೂ ಹೊಳೆದಿತ್ತು. ಆದರೆ ನಾನು ಬಿಟ್ಟರೂ ಅಂದು ಮಾತಾಡುವವರಲ್ಲಿ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ತೀರಿಹೋಗಿರುವ ಆ ಗುತ್ತಿಗೆದಾರರು ಇನ್ನೊಮ್ಮೆ ಕಳ್ಳರಾಗುತ್ತಾರೆ, ನಾವು ಮುಂದಿನ ಸಾಲಿನಲ್ಲಿ ಕುಳಿತು ಕೇಳಿಸಿಕೊಂಡಿರಬೇಕು. ಅಮ್ಮ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ನಿನಗೆ ಇದು ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿಲ್ಲದೆ ಏನು? ಬಂದ ಮೇಲೂ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ನಿಮಗೆ ಹೇಳಬೇಡ ಅಂತ ಅವರೇನೂ ಅಂದಿರಲಿಲ್ಲ. ನೀವು ಕೇಳಲಿಲ್ಲ."

ತಮ್ಮ ಎದ್ದು ಹೋಗಿ ಕಿಟಕಿಯ ಬಳಿ ನಿಂತ. ಸ್ವಲ್ಪ ಹೊತ್ತಾದ ಮೇಲೆ, ನಮ್ಮ ಕಡೆ ತಿರುಗದೆಯೇ, "ಆ ನಾಯಿ ವಿಷಯದಲ್ಲೂ ನನಗೆ ಒಂದು ಸಲವಾದರೂ ಸುಳ್ಳು ಹೇಳಲಿಲ್ಲ ಅಲ್ವಾ," ಎಂದ. ಮತ್ತೆ ಆ ಚರ್ಚೆ ನಡೆಯಲಿಲ್ಲ.

ಉಳಿದದ್ದು ಒಂದು ಪುಟಕ್ಕೆ ಇಳಿಸುವ ಕೆಲಸ, ಅದಕ್ಕೆ ಆರು ದಿನ ಹೋಯಿತು. ಮೊದಲು ವಿಶೇಷಣಗಳು ಹೋದವು, ಅವುಗಳಿಗಾಗಿ ಯಾರೂ ಅಳಲಿಲ್ಲ. ಸೇತುವೆಗಳ ಪಟ್ಟಿ ಹೋಯಿತು. ಕೇಳುವವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಸ್ಲೈಡ್ ರೂಲನ್ನು ಬಿಡಲು ಮನಸ್ಸಾಗದೆ ಎರಡು ದಿನ ಇಟ್ಟುಕೊಂಡು, ಕೊನೆಗೆ ಬಿಟ್ಟೆ. ಪುಟದಲ್ಲಿ ಉಳಿದವು ಬಾಗಿಲ ಚೌಕಟ್ಟು, ಸೇತುವೆಯ ಮೇಲಿನ ಮೌನ, ನಾಯಿ, 17ನೆಯ ಪುಸ್ತಕ. ಪಿಯರ್ ಕ್ಯಾಪಿನ ಭಾಗವನ್ನು ಅಪ್ಪನ ಪತ್ರದಂತೆಯೇ ಆರು ವಾಕ್ಯಗಳಲ್ಲಿ ಬರೆದೆ. ಅಮ್ಮ ಓದಿ, ಈ ಸಲ ಯಾರ ಬಗ್ಗೆ ಎಂದು ಕೇಳಲಿಲ್ಲ. ಒಂದು ಕಡೆ ಕಾಗುಣಿತ ತಪ್ಪಿದ್ದುದನ್ನು ತೋರಿಸಿದರು, ಅಷ್ಟೇ.

ಸಭೆಯಲ್ಲಿ ನಾನು ಎರಡನೆಯವಳಾಗಿ ಮಾತಾಡುವಂತೆ ಮುಂಚೆಯೇ ಕೇಳಿಕೊಂಡಿದ್ದೆ, ಆ ಕತೆ ಬೇರೆಯವರ ಬಾಯಿಂದ ಬರುವುದಕ್ಕಿಂತ ಮೊದಲು. 180 ಎಂಬ ಅಂಕಿಯನ್ನು ಓದಿದಾಗ ಹಿಂದಿನ ಸಾಲುಗಳಲ್ಲಿ ಒಬ್ಬಿಬ್ಬರು ತಲೆಯೆತ್ತಿದರು; 215 ಎಂದಾಗ ಎಂಜಿನಿಯರುಗಳೆಲ್ಲರಿಗೂ ಮುಂದೇನೆಂದು ಗೊತ್ತಾಗಿಹೋಗಿತ್ತು, ವಿವರಿಸಬೇಕಾಗಲೇ ಇಲ್ಲ. ಗುತ್ತಿಗೆದಾರರು ಸಿಮೆಂಟು ಕದ್ದಿರಲಿಲ್ಲ ಎಂಬ ವಾಕ್ಯಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಓದಿ ಮುಗಿಸಿ ಕೆಳಗಿಳಿದು ಬಂದಾಗ ನನ್ನ ಕೈ ನಡುಗುತ್ತಿತ್ತು, ತಮ್ಮ ಕುರ್ಚಿಯನ್ನು ಎಳೆದುಕೊಟ್ಟ. ನನ್ನ ನಂತರ ಮಾತಾಡಿದ ಹಿರಿಯರೊಬ್ಬರು ತಾವು ಬರೆದು ತಂದಿದ್ದ ಹಾಳೆಗಳಲ್ಲಿ ಒಂದನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಉಳಿದುದನ್ನು ಓದಿದರು.

ಎಲ್ಲ ಮುಗಿದು ಜನ ಹೊರಡುತ್ತಿದ್ದಾಗ, ಇಡೀ ಹೊತ್ತು ಗೋಡೆಯ ಬದಿಗೆ ನಿಂತೇ ಇದ್ದ ವಯಸ್ಸಾದವರೊಬ್ಬರು ಹತ್ತಿರ ಬಂದರು. ಆ ಸೇತುವೆಯಲ್ಲಿ ಮೇಸ್ತ್ರಿಯಾಗಿದ್ದವರಂತೆ. ನಾನು ಫೋನ್ ಮಾಡಿದ ಹನ್ನೊಂದು ಜನರ ಪಟ್ಟಿಯಲ್ಲಿ ಅವರಿರಲಿಲ್ಲ, ಅವರ ನಂಬರು ಯಾರ ಬಳಿಯೂ ಇರಲಿಲ್ಲ. ಅಮ್ಮನಿಗೆ ಕೈಮುಗಿದು, ನನ್ನ ಕಡೆ ತಿರುಗಿ, ಸಂಕೋಚದಿಂದ ಹೇಳಿದರು.

"ಎಲ್ಲಾ ಸರಿಯಾಗಿ ಬರೆದಿದ್ದೀರಮ್ಮಾ. ಒಂಬತ್ತು ದಿನ ಅಂದ್ರಲ್ಲ, ಅದು ಹನ್ನೊಂದು. ಮಿಷನ್ನು ಒಂಬತ್ತೇ ದಿನ. ಆಮೇಲೆ ಕಂಬದ ಕಂಬಿಗೆ ಪೆಟ್ಟು ಬೀಳಬಾರದು ಅಂತ ಎರಡು ದಿನ ಉಳಿ ಸುತ್ತಿಗೆಯಲ್ಲಿ ಕೈಯಲ್ಲೇ ಒಡೆದ್ವಿ. ಸಾಹೇಬರು ಪಕ್ಕದಲ್ಲೇ ಕೂತಿದ್ರು."

ನಾನು ಚೀಲದಿಂದ ಪುಟವನ್ನು ಹೊರತೆಗೆದು ಕುರ್ಚಿಯ ಕೈಯ ಮೇಲೆ ಇಟ್ಟುಕೊಂಡೆ. ತಮ್ಮ ಪೆನ್ನು ಕೊಟ್ಟ. ಒಂಬತ್ತು ಎಂಬುದರ ಮೇಲೆ ಒಂದು ಗೆರೆ ಎಳೆದು, ಮೇಲ್ಗಡೆ ಹನ್ನೊಂದು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ಸರಿಯಿದೆಯೇ ಎಂದು ಮೇಸ್ತ್ರಿಯವರಿಗೆ ತೋರಿಸಿದೆ.